ಸೌರಫಲಕಕ್ಕೆ ಬೇಕಾದದ್ದು ಬಿಸಿಯೋ, ಬೆಳಕೋ?

ಮಕ್ಕಳೇ, ಮೊದಲಿಗೆ ನಿಮಗೊಂದು ಪ್ರಶ್ನೆ. ಒಂದೇ ಅಳತೆಯ, ಒಂದೇ ಬಗೆಯ ಎರಡು ಸೌರಫಲಕಗಳಿವೆ ಎಂದುಕೊಳ್ಳಿ. ಒಂದನ್ನು ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನ ಗೊಬ್ಬೂರ ಗ್ರಾಮದಲ್ಲಿ, ಶಾಲೆಯ ಮಾಳಿಗೆಯ ಮೇಲೆ ಇಡುತ್ತೇವೆ. ಮೇ ತಿಂಗಳ ನಡುಹಗಲು. ಗಾಳಿಯ ಉಷ್ಣತೆ 42 ಡಿಗ್ರಿ ಸೆಲ್ಸಿಯಸ್. ಇನ್ನೊಂದನ್ನು ಹಿಮಾಲಯದ ಮಡಿಲಿನಲ್ಲಿರುವ ಲಡಾಖ್‌ನ ಲೇಹ್ ಪಟ್ಟಣದಲ್ಲಿ ಇಡುತ್ತೇವೆ. ಅಲ್ಲಿಯೂ ಮೋಡವಿಲ್ಲ, ಬೆಳಕು ಇಲ್ಲಿಯಷ್ಟೇ ಪ್ರಖರ. ಆದರೆ ಗಾಳಿಯ ಉಷ್ಣತೆ ಬರೀ 15 ಡಿಗ್ರಿ. ಯಾವ ಫಲಕ ಹೆಚ್ಚು ವಿದ್ಯುತ್ ಕೊಡುತ್ತದೆ?

"ಇದೇನು ದೊಡ್ಡ ಪ್ರಶ್ನೆ? ನಮ್ಮದು ಬಿಸಿಲ ನಾಡು, ನಮ್ಮ ಫಲಕವೇ ಗೆಲ್ಲುತ್ತದೆ" ಎಂದು ನಿಮ್ಮಲ್ಲಿ ಹಲವರು ಹೇಳಬಹುದು. ಉತ್ತರವನ್ನು ಈಗಲೇ ಹೇಳುವುದಿಲ್ಲ. ಕೆಳಗಿನ ಪ್ರಯೋಗಗಳನ್ನು ಮಾಡಿ, ಅದನ್ನು ನೀವೇ ಕಂಡುಕೊಳ್ಳಿ.

ಕನ್ನಡದಲ್ಲಿ ನಾವು 'ಬಿಸಿಲು' ಎಂಬ ಒಂದೇ ಮಾತಿನಲ್ಲಿ ಎರಡು ಸಂಗತಿಗಳನ್ನು ಹೇಳಿಬಿಡುತ್ತೇವೆ. ಒಂದು, ಕಣ್ಣಿಗೆ ಕಾಣುವ ಬೆಳಕು. ಇನ್ನೊಂದು, ಮೈಗೆ ತಾಗುವ ಶಾಖ. ಸೌರಶಕ್ತಿಯನ್ನು ಬಳಸುವ ಉಪಕರಣಗಳಲ್ಲಿಯೂ ಎರಡು ಬಗೆಗಳಿವೆ. ಕೆಲವಕ್ಕೆ ಶಾಖ ಬೇಕು, ಕೆಲವಕ್ಕೆ ಬೆಳಕು ಬೇಕು. ಯಾವುದಕ್ಕೆ ಯಾವುದು ಬೇಕೆಂದು ತಿಳಿದವನು ಮಾತ್ರ ಸೂರ್ಯನಿಂದ ಪೂರ್ತಿ ಕೆಲಸ ಮಾಡಿಸಿಕೊಳ್ಳಬಲ್ಲ.

ಪ್ರಯೋಗಕ್ಕೆ ಮುನ್ನ ಎಚ್ಚರಿಕೆ

* ಸೂರ್ಯನನ್ನು ನೇರವಾಗಿ ನೋಡಬೇಡಿ. ಕನ್ನಡಿಯಲ್ಲಿ ಪ್ರತಿಫಲಿಸಿದ ಸೂರ್ಯನನ್ನೂ ನೋಡಬೇಡಿ.
* ಏಪ್ರಿಲ್, ಮೇ ತಿಂಗಳಲ್ಲಿ ಪ್ರಯೋಗವನ್ನು ಬಿಸಿಲಿನಲ್ಲಿಟ್ಟು ನೀವು ನೆರಳಿನಲ್ಲಿ ಇರಿ. ಆಗಾಗ ನೀರು ಕುಡಿಯಿರಿ.
* ಗೋಡೆಯ ಪ್ಲಗ್‌ಗೆ ಯಾವ ತಂತಿಯನ್ನೂ ಚುಚ್ಚಬೇಡಿ. ಮಾಳಿಗೆಯ ಮೇಲಿನ ದೊಡ್ಡ ಫಲಕಗಳ ತಂತಿಗಳನ್ನು ಮುಟ್ಟಬೇಡಿ.
* ಗಾಜು ಕತ್ತರಿಸುವ ಕೆಲಸವನ್ನು ದೊಡ್ಡವರಿಗೆ ಬಿಡಿ. ಅಂಚಿಗೆ ಟೇಪು ಅಂಟಿಸಿಯೇ ಗಾಜನ್ನು ಹಿಡಿಯಿರಿ.
* ಜ್ವರ ನೋಡುವ ಉಷ್ಣತಾಮಾಪಕವನ್ನು ಬಳಸಬೇಡಿ. ಹೆಚ್ಚು ಶಾಖಕ್ಕೆ ಅದು ಒಡೆಯುತ್ತದೆ. 110 ಡಿಗ್ರಿಯವರೆಗೆ ಅಳೆಯುವ ಪ್ರಯೋಗಶಾಲೆಯ ಮಾಪಕವನ್ನು ಶಿಕ್ಷಕರಿಂದ ಪಡೆಯಿರಿ.

ಪ್ರಯೋಗ 1: ಕಪ್ಪು ಡಬ್ಬಿ, ಬಿಳಿ ಡಬ್ಬಿ

ಬೇಕಾಗುವ ಸಾಮಗ್ರಿ: ಒಂದೇ ಅಳತೆಯ ಎರಡು ತಗಡಿನ ಡಬ್ಬಿಗಳು, ಮಸಿ ಅಥವಾ ಕಪ್ಪು ಬಣ್ಣ, ಸುಣ್ಣ ಅಥವಾ ಬಿಳಿ ಬಣ್ಣ, ನೀರು, ಉಷ್ಣತಾಮಾಪಕ.

ವಿಧಾನ: ಒಂದು ಡಬ್ಬಿಯ ಹೊರಮೈಗೆ ಕಪ್ಪು, ಇನ್ನೊಂದಕ್ಕೆ ಬಿಳಿ ಬಳಿದು ಒಣಗಿಸಿ. ಎರಡಕ್ಕೂ ಸಮನಾಗಿ ನೀರು ಹಾಕಿ, ಮುಚ್ಚಳ ಮುಚ್ಚಿ ಬಿಸಿಲಿನಲ್ಲಿಡಿ. ಪ್ರತಿ 10 ನಿಮಿಷಕ್ಕೊಮ್ಮೆ ಎರಡರ ಉಷ್ಣತೆಯನ್ನೂ ನೋಡಿ ಬರೆದುಕೊಳ್ಳಿ. ಒಂದು ಗಂಟೆಯ ಬಳಿಕ ಹೋಲಿಸಿ.

ಕಪ್ಪು ಡಬ್ಬಿಯ ನೀರು ಹೆಚ್ಚು ಬಿಸಿಯಾಗಿರುತ್ತದೆ. ಏಕೆ? ಕಪ್ಪು ಮೈ ತನ್ನ ಮೇಲೆ ಬಿದ್ದ ಬೆಳಕಿನ ಬಹುಪಾಲನ್ನು ಹೀರಿಕೊಂಡು ಶಾಖವಾಗಿ ಬದಲಿಸುತ್ತದೆ. ಬಿಳಿ ಮೈ ಬಹುಪಾಲನ್ನು ಹಿಂದಕ್ಕೆ ಕಳುಹಿಸುತ್ತದೆ. ಬೇಸಿಗೆಯ ಮಧ್ಯಾಹ್ನ ಎರೆಹೊಲದ ಕಪ್ಪು ಮಣ್ಣಿನ ಮೇಲೆ ಬರಿಗಾಲಿನಲ್ಲಿ ನಡೆದವರಿಗೆ ಈ ಪಾಠ ಮೊದಲೇ ಗೊತ್ತು. ಮಾಳಿಗೆಗೆ ಸುಣ್ಣ ಬಳಿದರೆ ಮನೆ ತಂಪಾಗಿರುವುದೂ ಇದೇ ಕಾರಣಕ್ಕೆ.

ಇಲ್ಲಿ ಬೆಳಕು ಶಾಖವಾಯಿತು. ಆ ಶಾಖವನ್ನು ಹೊರಗೆ ಹೋಗದಂತೆ ಹಿಡಿದಿಟ್ಟರೆ ಏನಾಗುತ್ತದೆ?

ಪ್ರಯೋಗ 2: ಬಿಸಿಲಿನ ಪೆಟ್ಟಿಗೆ

ಈ ಪ್ರಶ್ನೆಯನ್ನು ಬಹಳ ಹಿಂದೆಯೇ ಒಬ್ಬರು ಕೇಳಿಕೊಂಡಿದ್ದರು. ಸ್ವಿಟ್ಜರ್ಲೆಂಡಿನ ವಿಜ್ಞಾನಿ ಹೊರೇಸ್ ಬೆನೆಡಿಕ್ಟ್ ಡಿ ಸಸ್ಯೂರ್ 1767ರಲ್ಲಿ ಗಾಜಿನ ಪೆಟ್ಟಿಗೆಗಳನ್ನು ಒಂದರೊಳಗೊಂದು ಇಟ್ಟು ಬಿಸಿಲಿನಲ್ಲಿ ಪರೀಕ್ಷಿಸಿದರು. ಮುಂದೆ ಅವರು ಸುಧಾರಿಸಿದ ಪೆಟ್ಟಿಗೆಯ ಒಳಗೆ ಉಷ್ಣತೆ ನೀರು ಕುದಿಯುವ 100 ಡಿಗ್ರಿಯನ್ನೂ ದಾಟಿತು. ಇಂದಿನ ಸೌರ ಒಲೆಗೆ ಅದೇ ಮೂಲ. ನಾವೂ ಒಂದನ್ನು ಮಾಡೋಣ.

ಬೇಕಾಗುವ ಸಾಮಗ್ರಿ: ಒಂದು ದೊಡ್ಡ, ಒಂದು ಸಣ್ಣ ರಟ್ಟಿನ ಪೆಟ್ಟಿಗೆ; ಹಳೆಯ ಪತ್ರಿಕೆ ಅಥವಾ ಒಣಗಿದ ತೊಗರಿ ಹೊಟ್ಟು; ಕಪ್ಪು ಕಾಗದ; ಗಾಜಿನ ಹಾಳೆ; ಅಡುಗೆಮನೆಯಲ್ಲಿ ಬಳಸುವ ಅಲ್ಯೂಮಿನಿಯಂ ಹಾಳೆ; ಟೇಪು; ಹೊರಮೈಗೆ ಕಪ್ಪು ಬಳಿದ, ಮುಚ್ಚಳವಿರುವ ತೆಳುವಾದ ಪಾತ್ರೆ.

ವಿಧಾನ: ದೊಡ್ಡ ಪೆಟ್ಟಿಗೆಯೊಳಗೆ ಸಣ್ಣದನ್ನು ಇಡಿ. ಎರಡರ ನಡುವೆ ಎಲ್ಲ ಕಡೆ ನಾಲ್ಕೈದು ಸೆಂ.ಮೀ. ಜಾಗ ಇರಲಿ, ತಳದಲ್ಲೂ ಇರಲಿ. ಆ ಜಾಗಕ್ಕೆ ಉಂಡೆ ಮಾಡಿದ ಪತ್ರಿಕೆ ಅಥವಾ ಹೊಟ್ಟು ತುಂಬಿ. ಸಣ್ಣ ಪೆಟ್ಟಿಗೆಯ ತಳಕ್ಕೆ ಕಪ್ಪು ಕಾಗದ ಅಂಟಿಸಿ. ಬಾಯಿಗೆ ಗಾಜು ಮುಚ್ಚಿ. ಸಂದಿಯಿಂದ ಗಾಳಿ ಹೊರಹೋಗಬಾರದು. ದೊಡ್ಡ ಪೆಟ್ಟಿಗೆಯ ಮುಚ್ಚಳದ ಒಳಮೈಗೆ ಅಲ್ಯೂಮಿನಿಯಂ ಹಾಳೆ ಅಂಟಿಸಿ. ಅದು ಬೆಳಕನ್ನು ಗಾಜಿನ ಮೇಲೆ ಬೀಳಿಸುವಂತೆ ಓರೆಯಾಗಿ ಕಡ್ಡಿಯಿಂದ ಆನಿಸಿ ನಿಲ್ಲಿಸಿ.

ಮೊದಲ ದಿನ ಪೆಟ್ಟಿಗೆಯೊಳಗೆ ಉಷ್ಣತಾಮಾಪಕವನ್ನು ಮಾತ್ರ ಇಡಿ. ಮಾಪಕ ಸಿಗದಿದ್ದರೆ ಒಂದು ತಟ್ಟೆಯಲ್ಲಿ ಮೇಣದಬತ್ತಿಯ ಚೂರು ಇಡಿ. ಮೇಣ ಕರಗಿತೆಂದರೆ ಒಳಗಿನ ಉಷ್ಣತೆ 55ರಿಂದ 60 ಡಿಗ್ರಿ ಮುಟ್ಟಿದೆ ಎಂದು ತಿಳಿಯಬಹುದು. ಮರುದಿನ ಬೆಳಿಗ್ಗೆ 11 ಗಂಟೆಗೆ ಪಾತ್ರೆಯಲ್ಲಿ ಒಂದು ಲೋಟ ಅಕ್ಕಿ, ಎರಡು ಲೋಟ ನೀರು ಹಾಕಿ ಇಡಿ. ಅರ್ಧ ಗಂಟೆಗೊಮ್ಮೆ ಪೆಟ್ಟಿಗೆಯನ್ನು ಸೂರ್ಯನ ಕಡೆ ತಿರುಗಿಸುತ್ತಿರಿ. ಒಳ್ಳೆಯ ಬಿಸಿಲಿದ್ದರೆ ಎರಡು ಮೂರು ಗಂಟೆಯಲ್ಲಿ ಅನ್ನ ಬೇಯುತ್ತದೆ. ಪಾತ್ರೆ ತೆಗೆಯುವಾಗ ಬಟ್ಟೆ ಹಿಡಿಯಿರಿ.

ಏಕೆ ಹೀಗಾಗುತ್ತದೆ? ಬೆಳಕು ಗಾಜಿನ ಮೂಲಕ ಸುಲಭವಾಗಿ ಒಳಗೆ ಬರುತ್ತದೆ. ಕಪ್ಪು ಕಾಗದ ಮತ್ತು ಪಾತ್ರೆ ಅದನ್ನು ಹೀರಿ ಬಿಸಿಯಾಗುತ್ತವೆ. ಬಿಸಿಯಾದ ವಸ್ತುಗಳು ಹೊರಸೂಸುವ ಶಾಖದ ಕಿರಣಗಳನ್ನು ಗಾಜು ಅಷ್ಟು ಸುಲಭವಾಗಿ ಹೊರಗೆ ಬಿಡುವುದಿಲ್ಲ. ಬಿಸಿಗಾಳಿಯೂ ಒಳಗೇ ಉಳಿಯುತ್ತದೆ. ಪತ್ರಿಕೆಯ ಉಂಡೆಗಳ ನಡುವಿನ ಗಾಳಿ, ಕಂಬಳಿಯಂತೆ ಶಾಖವನ್ನು ತಡೆಯುತ್ತದೆ.

ಈ ಪೆಟ್ಟಿಗೆಗೆ ಬೇಕಾದದ್ದು ಶಾಖ. ಗಾಳಿ ಬಿಸಿಯಿದ್ದಷ್ಟೂ ಅದಕ್ಕೆ ಲಾಭ. ಗೊಬ್ಬೂರಿನ ಮೇ ತಿಂಗಳು ಸೌರ ಒಲೆಗೆ ಸುಗ್ಗಿಯ ಕಾಲ!

ಬೆಳಕು ವಿದ್ಯುತ್ ಆಗುವ ಬಗೆ

ಸೌರಫಲಕದ ಕಥೆ ಬೇರೆ. ಫಲಕವನ್ನು ಹತ್ತಿರದಿಂದ ನೋಡಿ. ಅದರಲ್ಲಿ ನೀಲಿ ಅಥವಾ ಕಪ್ಪು ಬಣ್ಣದ ಹಲವು ಬಿಲ್ಲೆಗಳು ಸಾಲಾಗಿ ಜೋಡಣೆಯಾಗಿರುತ್ತವೆ. ಒಂದೊಂದು ಬಿಲ್ಲೆಯೂ ಒಂದು ಸೌರಕೋಶ. ಕೋಶಗಳು ಹೆಚ್ಚಾಗಿ ಸಿಲಿಕಾನ್ ಎಂಬ ಧಾತುವಿನಿಂದ ಆಗಿರುತ್ತವೆ. ಭೀಮಾ ನದಿಯ ಮರಳಿನಲ್ಲಿಯೂ ಸಿಲಿಕಾನ್ ಇದೆ. ಆದರೆ ಅಲ್ಲಿ ಅದು ಆಕ್ಸಿಜನ್ ಜೊತೆ ಸೇರಿಕೊಂಡಿರುತ್ತದೆ. ಕೋಶ ಮಾಡಲು ಬಹಳ ಶುದ್ಧವಾದ ಸಿಲಿಕಾನ್ ಬೇಕು.

ಕೋಶದಲ್ಲಿ ಸಿಲಿಕಾನ್‌ನ ಎರಡು ಪದರಗಳಿರುತ್ತವೆ. ಎರಡರಲ್ಲೂ ಬೇರೆ ಬೇರೆ ಧಾತುಗಳನ್ನು ಅತಿ ಸ್ವಲ್ಪ ಪ್ರಮಾಣದಲ್ಲಿ ಬೆರೆಸಿರುತ್ತಾರೆ. ಬೆಳಕು ಬಿದ್ದಾಗ ಅದರ ಪೆಟ್ಟಿಗೆ ಸಿಲಿಕಾನ್‌ನ ಎಲೆಕ್ಟ್ರಾನುಗಳು ತಮ್ಮ ಜಾಗ ಬಿಟ್ಟು ಮೇಲೇಳುತ್ತವೆ. ಪದರಗಳು ಕೂಡುವ ಗಡಿ ಅವುಗಳನ್ನು ಒಂದೇ ಕಡೆಗೆ ತಳ್ಳುತ್ತದೆ. ಹೀಗೆ ಒಂದೇ ದಿಕ್ಕಿನಲ್ಲಿ ಹರಿಯುವ ಎಲೆಕ್ಟ್ರಾನುಗಳೇ ವಿದ್ಯುತ್ ಪ್ರವಾಹ. ಇಲ್ಲಿ ನೀರು ಕುದಿಯುವುದಿಲ್ಲ, ಚಕ್ರ ತಿರುಗುವುದಿಲ್ಲ, ಹೊಗೆ ಬರುವುದಿಲ್ಲ.

ಅಮೆರಿಕದ ಬೆಲ್ ಪ್ರಯೋಗಾಲಯದ ವಿಜ್ಞಾನಿಗಳು 1954ರಲ್ಲಿ ಉಪಯೋಗಕ್ಕೆ ಬರುವಂಥ ಮೊದಲ ಸಿಲಿಕಾನ್ ಸೌರಕೋಶವನ್ನು ಜನರಿಗೆ ತೋರಿಸಿದರು. ಅದರಿಂದ ಅವರು ಓಡಿಸಿದ್ದು ಏನು ಗೊತ್ತೇ? ಜಾತ್ರೆಯಲ್ಲಿ ಕಾಣುವ ದೊಡ್ಡ ತೊಟ್ಟಿಲಿನ ಆಟಿಕೆ! ಅಂದಿನ ಕೋಶ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 6 ಪಾಲನ್ನು ವಿದ್ಯುತ್ ಮಾಡುತ್ತಿತ್ತು. ಇಂದು ಮಾಳಿಗೆಗಳ ಮೇಲೆ ಹಾಕುವ ಹೊಸ ಫಲಕಗಳು 20 ಪಾಲು ಅಥವಾ ಅದಕ್ಕೂ ಹೆಚ್ಚು ಮಾಡುತ್ತವೆ. ಬೆಂಗಳೂರಿನ ಪೀಣ್ಯದಲ್ಲಿ ತಯಾರಾಗಿ 1975ರ ಏಪ್ರಿಲ್ 19ರಂದು ಬಾಹ್ಯಾಕಾಶಕ್ಕೆ ಹೋದ ನಮ್ಮ ದೇಶದ ಮೊದಲ ಉಪಗ್ರಹ 'ಆರ್ಯಭಟ'ದ ಮೈ ತುಂಬ ಸೌರಕೋಶಗಳಿದ್ದವು. ಅವು ಕೊಡುತ್ತಿದ್ದುದು ಸುಮಾರು 46 ವಾಟ್. ಈಗಿನ ಐದು ಎಲ್‌ಇಡಿ ಬಲ್ಬುಗಳಿಗೆ ಬೇಕಾಗುವಷ್ಟು!

ಪ್ರಯೋಗ 3: ಸೂರ್ಯ ತಿರುಗಿಸುವ ಪಂಖ

ಬೇಕಾಗುವ ಸಾಮಗ್ರಿ: ಅಂಗೈ ಅಗಲದ ಸೌರಫಲಕ (ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ, ಕೆಟ್ಟುಹೋದ ಸೌರ ಟಾರ್ಚು ಅಥವಾ ದೀಪದ್ದೂ ಆಗಬಹುದು), ಆಟಿಕೆಯ ಸಣ್ಣ ಮೋಟಾರು, ಎರಡು ತಂತಿ, ರಟ್ಟಿನಿಂದ ಕತ್ತರಿಸಿದ ಪಂಖದ ರೆಕ್ಕೆ.

ವಿಧಾನ: ಫಲಕದ ಎರಡು ತಂತಿಗಳನ್ನು ಮೋಟಾರಿನ ಎರಡು ಕಿವಿಗಳಿಗೆ ಜೋಡಿಸಿ. ಮೋಟಾರಿನ ಕಡ್ಡಿಗೆ ರೆಕ್ಕೆ ಸಿಕ್ಕಿಸಿ. ಫಲಕವನ್ನು ಬಿಸಿಲಿಗೆ ಹಿಡಿಯಿರಿ. ಪಂಖ ತಿರುಗದಿದ್ದರೆ ಬೆರಳಿನಿಂದ ಮೆಲ್ಲಗೆ ತಳ್ಳಿ ನೋಡಿ. ಹಳೆಯ ಮೋಟಾರುಗಳು ಹೊರಡಲು ಹೆಚ್ಚು ಪ್ರವಾಹ ಕೇಳುತ್ತವೆ.

ಪಂಖ ತಿರುಗಿತೇ? ಈಗ ಒಂದೊಂದಾಗಿ ಪರೀಕ್ಷಿಸಿ.

1. ತಂತಿಗಳನ್ನು ಅದಲುಬದಲು ಮಾಡಿ. ಪಂಖ ಹಿಂದುಮುಂದಾಗಿ ತಿರುಗುತ್ತದೆ. ಪ್ರವಾಹಕ್ಕೆ ದಿಕ್ಕು ಇದೆ ಎಂಬುದಕ್ಕೆ ಇದು ಸಾಕ್ಷಿ.

2. ಫಲಕವನ್ನು ಕೋಣೆಯ ಟ್ಯೂಬ್‌ಲೈಟಿನ ಕೆಳಗೆ ಹಿಡಿಯಿರಿ. ಪಂಖ ತಿರುಗುವುದಿಲ್ಲ. ನಮ್ಮ ಕಣ್ಣಿಗೆ ಕೋಣೆ ಬೆಳಕಾಗಿಯೇ ಕಾಣುತ್ತದೆ. ಆದರೆ ಹೊರಗಿನ ಬಿಸಿಲು ಅದಕ್ಕಿಂತ ನೂರಾರು ಪಟ್ಟು ಪ್ರಖರ. ಕಣ್ಣು ಕಡಿಮೆ ಬೆಳಕಿಗೂ ಹೊಂದಿಕೊಳ್ಳುತ್ತದೆ, ಫಲಕ ಹೊಂದಿಕೊಳ್ಳುವುದಿಲ್ಲ.

3. ಈಗ ಮುಖ್ಯ ಪರೀಕ್ಷೆ. ಕಿಟಕಿ ಬಾಗಿಲು ಮುಚ್ಚಿದ ಕತ್ತಲೆ ಕೋಣೆಯಲ್ಲಿ ಒಂದು ಬಾಟಲಿಗೆ ಬಿಸಿನೀರು ತುಂಬಿ, ಬಟ್ಟೆ ಸುತ್ತಿ, ಅದರ ಮೇಲೆ ಫಲಕವನ್ನು ಇಡಿ. ಫಲಕ ಮುಟ್ಟಿದರೆ ಬೆಚ್ಚಗಿದೆ. ಪಂಖ ತಿರುಗುತ್ತದೆಯೇ? ಇಲ್ಲ. ಬಿಸಿಯನ್ನು ಎಷ್ಟು ಕೊಟ್ಟರೂ ಅದು ವಿದ್ಯುತ್ ಕೊಡುವುದಿಲ್ಲ. ಚಳಿಗಾಲದ ಬೆಳಗಿನ ತಣ್ಣನೆಯ ಬಿಸಿಲಿಗೆ ಅದೇ ಫಲಕವನ್ನು ಒಡ್ಡಿ. ಪಂಖ ಗಿರಗಿರನೆ ತಿರುಗುತ್ತದೆ.

ಫಲಕಕ್ಕೆ ಬೇಕಾದದ್ದು ಬೆಳಕು ಎಂದು ಇಲ್ಲಿಗೆ ಸ್ಪಷ್ಟವಾಯಿತು. ಆದರೆ ಬಿಸಿಯಿಂದ ಅದಕ್ಕೆ ಲಾಭವಿಲ್ಲದಿದ್ದರೆ ನಷ್ಟವಾದರೂ ಇದೆಯೇ?

ಪ್ರಯೋಗ 4: ಬಿಸಿಯೇರಿದ ಫಲಕ

ಇದಕ್ಕೆ ಮಲ್ಟಿಮೀಟರ್ ಬೇಕು. ನಿಮ್ಮ ಶಾಲೆಯಲ್ಲಿ ಇಲ್ಲದಿದ್ದರೆ ಹತ್ತಿರದ ಪ್ರೌಢಶಾಲೆಯಲ್ಲೋ, ಊರಿನ ಮೋಟಾರು ರಿಪೇರಿ ಮಾಡುವವರಲ್ಲೋ ಕೇಳಿ ನೋಡಿ. ಅದರ ಗುಂಡಿಯನ್ನು ಏಕಮುಖ ವಿದ್ಯುತ್ತಿನ 20 ವೋಲ್ಟ್ ಗುರುತಿಗೆ ತಿರುಗಿಸಿ.

ವಿಧಾನ: ಮೋಟಾರನ್ನು ಬಿಡಿಸಿ, ಫಲಕದ ತಂತಿಗಳಿಗೆ ಮೀಟರಿನ ಕಡ್ಡಿಗಳನ್ನು ತಾಗಿಸಿ. ನೆರಳಿನಲ್ಲಿ ತಣ್ಣಗಿದ್ದ ಫಲಕವನ್ನು ಬಿಸಿಲಿಗೆ ತಂದ ಕೂಡಲೇ ವೋಲ್ಟೇಜ್ ಓದಿ ಬರೆದುಕೊಳ್ಳಿ. ಫಲಕವನ್ನು ಅಲ್ಲಾಡಿಸದೆ 20 ನಿಮಿಷ ಬಿಡಿ, ಮತ್ತೆ ಓದಿ. ಆಮೇಲೆ ಫಲಕದ ಹಿಂಬದಿಗೆ ಒದ್ದೆ ಬಟ್ಟೆ ಒತ್ತಿ 5 ನಿಮಿಷ ಬಿಟ್ಟು ಮೂರನೆಯ ಸಲ ಓದಿ. ನಡುವೆ ಮೋಡ ಅಡ್ಡ ಬಂದರೆ ಮೊದಲಿನಿಂದ ಮಾಡಿ.

ಎರಡನೆಯ ಅಂಕೆ ಮೊದಲನೆಯದಕ್ಕಿಂತ ಕಡಿಮೆ. ಮೂರನೆಯದು ಮತ್ತೆ ಮೇಲೇರಿರುತ್ತದೆ. ಸಿಲಿಕಾನ್ ಕೋಶ ಒಂದು ಸುಮಾರು 0.5ರಿಂದ 0.6 ವೋಲ್ಟ್ ಕೊಡುತ್ತದೆ. ಉಷ್ಣತೆ ಒಂದು ಡಿಗ್ರಿ ಏರಿದರೆ ಇದು ಸುಮಾರು 0.002 ವೋಲ್ಟ್ ಇಳಿಯುತ್ತದೆ. ನಿಮ್ಮ ಫಲಕದಲ್ಲಿ 12 ಕೋಶಗಳಿದ್ದು, ಅದು 25 ಡಿಗ್ರಿ ಬಿಸಿಯೇರಿದರೆ ಇಳಿಕೆ ಎಷ್ಟು? 12 × 25 × 0.002 = 0.6 ವೋಲ್ಟ್. ಅಂದರೆ ಒಂದು ಕೋಶವನ್ನೇ ಕಳೆದುಕೊಂಡಷ್ಟು!

ಬಿಸಿಯಾದಾಗ ಸಿಲಿಕಾನ್‌ನ ಒಳಗೆ ಪರಮಾಣುಗಳ ಕುಲುಕಾಟ ಹೆಚ್ಚುತ್ತದೆ. ಎರಡು ಪದರಗಳ ನಡುವಿನ ಗಡಿಯನ್ನು ದಾಟಿ ಹಿಂದಕ್ಕೆ ಸೋರಿಹೋಗುವ ಎಲೆಕ್ಟ್ರಾನುಗಳೂ ಹೆಚ್ಚುತ್ತವೆ. ತೂತು ಬಿದ್ದ ಕೊಡದಲ್ಲಿ ನೀರಿನ ಮಟ್ಟ ಏರದಿರುವಂತೆ, ಸೋರಿಕೆ ಹೆಚ್ಚಾದಾಗ ವೋಲ್ಟೇಜ್ ಕೆಳಗೇ ಉಳಿಯುತ್ತದೆ.

ಫಲಕದ ಮೇಲೆ '100 ವಾಟ್' ಎಂದು ಬರೆದಿದ್ದರೆ, ಕೋಶದ ಉಷ್ಣತೆ 25 ಡಿಗ್ರಿ ಇದ್ದು ಪ್ರತಿ ಚದರ ಮೀಟರಿಗೆ 1000 ವಾಟ್ ಬೆಳಕು ಬಿದ್ದಾಗ ಅಷ್ಟು ಕೊಡುತ್ತದೆ ಎಂದರ್ಥ. ಅದಕ್ಕಿಂತ ಮೇಲೆ ಒಂದೊಂದು ಡಿಗ್ರಿಗೂ ನೂರಕ್ಕೆ ಸುಮಾರು 0.4 ಪಾಲು ಶಕ್ತಿ ಕಡಿಮೆಯಾಗುತ್ತದೆ. ಬೇಸಿಗೆಯಲ್ಲಿ ನಮ್ಮ ಮಾಳಿಗೆಯ ಫಲಕ 60 ಡಿಗ್ರಿಗೂ ಏರಬಹುದು. ಆಗ 35 ಡಿಗ್ರಿ ಹೆಚ್ಚಾಯಿತು. ನಷ್ಟ 35 × 0.4 = 14 ಪಾಲು. ನೂರು ವಾಟ್ ಫಲಕ 86 ವಾಟ್ ಮಾತ್ರ ಕೊಡುತ್ತದೆ.

ಈಗ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತಲ್ಲವೇ? ಬೆಳಕು ಒಂದೇ ಇದ್ದಾಗ ಗೆಲ್ಲುವುದು ಲೇಹ್‌ನ ತಣ್ಣನೆಯ ಫಲಕ! ಹಾಗೆಂದು ಬೇಸರಪಡಬೇಕಿಲ್ಲ. ಫಲಕವನ್ನು ಮಾಳಿಗೆಗೆ ಅಂಟಿಸಿದಂತೆ ಇಡದೆ, ಕೆಳಗೆ ಗಾಳಿಯಾಡುವಂತೆ ಚೌಕಟ್ಟಿನ ಮೇಲೆ ಎತ್ತಿ ಕೂರಿಸಿದರೆ ಅದು ಕೆಲವು ಡಿಗ್ರಿ ತಂಪಾಗಿರುತ್ತದೆ. ಆ ಖಾಲಿ ಜಾಗ ಬಿಟ್ಟಿರುವುದು ಏಕೆಂದು ಇನ್ನು ಮೇಲೆ ನೀವೇ ಬೇರೆಯವರಿಗೆ ಹೇಳಬಹುದು.

ಪ್ರಯೋಗ 5: ಒಂದು ಎಲೆಯ ನೆರಳು

ಪಂಖವನ್ನು ಮತ್ತೆ ಫಲಕಕ್ಕೆ ಜೋಡಿಸಿ. ಒಂದೇ ಒಂದು ಕೋಶ ಪೂರ್ತಿ ಮುಚ್ಚುವಂತೆ ರಟ್ಟಿನ ತುಂಡು ಇಡಿ. ಪಂಖಕ್ಕೆ ಏನಾಯಿತು? ಬಹಳ ನಿಧಾನವಾಗುತ್ತದೆ ಅಥವಾ ನಿಂತೇ ಹೋಗುತ್ತದೆ. ಈಗ ಅಷ್ಟೇ ವಿಸ್ತೀರ್ಣದ ಇನ್ನೊಂದು ರಟ್ಟನ್ನು ಉದ್ದನೆಯ ಪಟ್ಟಿಯಾಗಿ ಕತ್ತರಿಸಿ, ಅದು ಎಲ್ಲ ಕೋಶಗಳ ಮೇಲೂ ಸ್ವಲ್ಪ ಸ್ವಲ್ಪ ಹಾಯುವಂತೆ ಇಡಿ. ಪಂಖ ಸ್ವಲ್ಪವೇ ನಿಧಾನವಾಗುತ್ತದೆ. ನೆರಳಿನ ಅಳತೆ ಒಂದೇ, ಪರಿಣಾಮ ಬೇರೆ!

ಕಾರಣ ಇಷ್ಟೇ. ಬಾವಿಯಿಂದ ತೋಟಕ್ಕೆ ಹತ್ತು ಜನ ಸಾಲಾಗಿ ನಿಂತು ಕೈಯಿಂದ ಕೈಗೆ ಕೊಡ ದಾಟಿಸುತ್ತಿದ್ದಾರೆ ಎಂದುಕೊಳ್ಳಿ. ನಡುವಿನ ಒಬ್ಬ ನಿದ್ದೆಹೋದರೆ ಇಡೀ ಸಾಲಿನ ಕೆಲಸ ನಿಲ್ಲುತ್ತದೆ. ಎಲ್ಲರೂ ಸ್ವಲ್ಪ ಸ್ವಲ್ಪ ನಿಧಾನವಾದರೆ ನೀರು ಸ್ವಲ್ಪ ತಡವಾಗಿ ಬರುತ್ತದೆ, ಅಷ್ಟೇ. ಫಲಕದ ಕೋಶಗಳೂ ಹೀಗೆ ಸಾಲಾಗಿ ನಿಂತಿವೆ. ಒಂದರ ಪ್ರವಾಹ ಇನ್ನೊಂದರ ಮೂಲಕವೇ ಹಾದುಹೋಗಬೇಕು. ದೊಡ್ಡ ಫಲಕಗಳಲ್ಲಿ ಕೆಟ್ಟ ಸಾಲನ್ನು ಬಳಸಿ ಹೋಗಲು ಡಯೋಡ್ ಎಂಬ ಅಡ್ಡದಾರಿ ಇರುತ್ತದೆ. ಆದರೂ ಆ ಸಾಲಿನಷ್ಟು ವಿದ್ಯುತ್ ನಷ್ಟವೇ.

ಈಗ ಧೂಳಿನ ಪರೀಕ್ಷೆ. ಫಲಕದ ಮೇಲೆ ಸ್ವಚ್ಛ ಗಾಜಿನ ತುಂಡು ಇಟ್ಟು ಪಂಖದ ವೇಗ ಗಮನಿಸಿ. ಗಾಜನ್ನು ತೆಗೆದು, ಅದರ ಮೇಲೆ ಒಣ ಎರೆಮಣ್ಣನ್ನು ಬಟ್ಟೆಯಲ್ಲಿ ಸೋಸಿ ತೆಳುವಾಗಿ ಉದುರಿಸಿ ಮತ್ತೆ ಇಡಿ. ವ್ಯತ್ಯಾಸ ಬರೆದುಕೊಳ್ಳಿ. ನಮ್ಮ ಕಡೆ ತೊಗರಿ, ಜೋಳದ ರಾಶಿ ಮಾಡುವ ದಿನಗಳಲ್ಲಿ ಗಾಳಿಯ ತುಂಬ ಹೊಟ್ಟು, ಧೂಳು. ಮಳೆಯೂ ಇರುವುದಿಲ್ಲ. ಆಗ ಫಲಕವನ್ನು ಒರೆಸದಿದ್ದರೆ ದಿನದಿನಕ್ಕೆ ವಿದ್ಯುತ್ ಇಳಿಯುತ್ತದೆ. ಬೆಳಿಗ್ಗೆ ಫಲಕ ತಣ್ಣಗಿರುವಾಗಲೇ ಸ್ವಚ್ಛ ನೀರು, ಮೆತ್ತನೆಯ ಬಟ್ಟೆಯಿಂದ ಒರೆಸುವುದು ಸರಿಯಾದ ಕ್ರಮ. ಕಾದ ಗಾಜಿನ ಮೇಲೆ ತಣ್ಣೀರು ಸುರಿದರೆ ಗಾಜು ಬಿರಿಯಬಹುದು.

ಪ್ರಯೋಗ 6: ಕೋಲಿನ ನೆರಳು, ಫಲಕದ ಓರೆ

ಬೆಳಕು ಫಲಕದ ಮೇಲೆ ನೇರವಾಗಿ ಬಿದ್ದರೆ ಹೆಚ್ಚು ವಿದ್ಯುತ್, ಓರೆಯಾಗಿ ಬಿದ್ದರೆ ಕಡಿಮೆ. ಪಂಖ ತಿರುಗುತ್ತಿರುವಾಗ ಫಲಕವನ್ನು ನಿಧಾನವಾಗಿ ಓರೆ ಮಾಡಿದರೆ ಇದು ತಿಳಿಯುತ್ತದೆ. ಹಾಗಾದರೆ ಮಾಳಿಗೆಯ ಫಲಕ ಯಾವ ಕಡೆಗೆ, ಎಷ್ಟು ಓರೆಯಾಗಿರಬೇಕು? ಇದಕ್ಕೆ ಉತ್ತರವನ್ನು ಒಂದು ಕೋಲು ಹೇಳುತ್ತದೆ.

ಶಾಲೆಯ ಅಂಗಳದಲ್ಲಿ ಸಮತಟ್ಟಾದ ಕಡೆ, ನೆಲದಿಂದ ಸರಿಯಾಗಿ 1 ಮೀಟರ್ ಮೇಲಿರುವಂತೆ ಕೋಲು ನೆಡಿ. ಅದು ನೆಟ್ಟಗಿದೆಯೇ ಎಂದು ತೂಗುಗುಂಡಿನಿಂದ ನೋಡಿ. ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಕಲ್ಲು ಇಡಿ. ಅತ್ಯಂತ ಚಿಕ್ಕ ನೆರಳನ್ನು ಅಳೆಯಿರಿ. ಅದು ಬೀಳುವುದು ಗಡಿಯಾರದ 12 ಗಂಟೆಗಲ್ಲ! ನಮ್ಮ ಗಡಿಯಾರಗಳು 82.5 ಡಿಗ್ರಿ ಪೂರ್ವ ರೇಖಾಂಶದ ಕಾಲವನ್ನು ತೋರಿಸುತ್ತವೆ. ಗೊಬ್ಬೂರ ಅದಕ್ಕಿಂತ ಪಶ್ಚಿಮದಲ್ಲಿದೆ. ಆದ್ದರಿಂದ ಇಲ್ಲಿ ನಿಜವಾದ ನಡುಹಗಲು ವರ್ಷದ ಬೇರೆ ಬೇರೆ ತಿಂಗಳಲ್ಲಿ ಸುಮಾರು 12.07ರಿಂದ 12.38ರ ನಡುವೆ ಆಗುತ್ತದೆ.

ಗೊಬ್ಬೂರ ಇರುವುದು ಸುಮಾರು 17 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಲ್ಲಿ ಒಂದು ಮೀಟರ್ ಕೋಲಿನ ನಡುಹಗಲ ನೆರಳು ಹೀಗಿರುತ್ತದೆ:

* ಡಿಸೆಂಬರ್ 22ರ ಸುಮಾರಿಗೆ: ಸುಮಾರು 86 ಸೆಂ.ಮೀ., ಉತ್ತರದ ಕಡೆಗೆ
* ಮಾರ್ಚ್ 21 ಮತ್ತು ಸೆಪ್ಟೆಂಬರ್ 23ರ ಸುಮಾರಿಗೆ: ಸುಮಾರು 31 ಸೆಂ.ಮೀ., ಉತ್ತರದ ಕಡೆಗೆ
* ಮೇ 9 ಮತ್ತು ಆಗಸ್ಟ್ 3ರ ಸುಮಾರಿಗೆ: ನೆರಳೇ ಇಲ್ಲ! ಇವು ಶೂನ್ಯ ನೆರಳಿನ ದಿನಗಳು
* ಜೂನ್ 21ರ ಸುಮಾರಿಗೆ: ಸುಮಾರು 11 ಸೆಂ.ಮೀ., ದಕ್ಷಿಣದ ಕಡೆಗೆ

ನೀವು ಅಳೆದ ನೆರಳು ಇದಕ್ಕೆ ಹೊಂದುತ್ತದೆಯೇ ನೋಡಿ. ವರ್ಷದ ಹೆಚ್ಚಿನ ದಿನಗಳಲ್ಲಿ ನೆರಳು ಉತ್ತರಕ್ಕೆ ಬೀಳುತ್ತದೆ. ಅಂದರೆ ಸೂರ್ಯ ದಕ್ಷಿಣದ ಕಡೆ ಇರುತ್ತಾನೆ. ಅದಕ್ಕಾಗಿಯೇ ಫಲಕವನ್ನು ದಕ್ಷಿಣಕ್ಕೆ ಮುಖ ಮಾಡಿ, ಊರಿನ ಅಕ್ಷಾಂಶದಷ್ಟು, ಅಂದರೆ ಸುಮಾರು 17 ಡಿಗ್ರಿ ಓರೆಯಾಗಿ ಕೂರಿಸುತ್ತಾರೆ. ಕೋನಮಾಪಕವಿಲ್ಲದೆಯೂ ಈ ಓರೆಯನ್ನು ಪಡೆಯಬಹುದು: ನೆಲದ ಮೇಲೆ 1 ಮೀಟರ್ ಅಳತೆಗೆ ಹಿಂಬದಿಯನ್ನು 30 ಸೆಂ.ಮೀ. ಎತ್ತರಿಸಿದರಾಯಿತು. ಓರೆಯಿದ್ದರೆ ಮಳೆಯ ನೀರು ಜಾರಿ ಧೂಳನ್ನೂ ತೊಳೆದುಕೊಂಡು ಹೋಗುತ್ತದೆ.

ತಂಡದ ಯೋಜನೆ: ನಮ್ಮ ಕೋಣೆಗೆ ಎಷ್ಟು ಫಲಕ ಬೇಕು?

ಜೆಸ್ಕಾಂನ ಕರೆಂಟ್ ಹೋದಾಗಲೂ ನಿಮ್ಮ ತರಗತಿಯ ದೀಪ, ಪಂಖ ನಿಲ್ಲಬಾರದು ಎಂದುಕೊಳ್ಳಿ. ಎಷ್ಟು ದೊಡ್ಡ ಫಲಕ ಬೇಕು? ನಾಲ್ಕೈದು ಮಂದಿ ಸೇರಿ ಲೆಕ್ಕ ಹಾಕಿ. ಪ್ರತಿ ಉಪಕರಣದ ವಾಟ್ ಅನ್ನು ಅದು ಉರಿಯುವ ಗಂಟೆಗಳಿಂದ ಗುಣಿಸಿದರೆ ವಾಟ್-ಗಂಟೆ ಸಿಗುತ್ತದೆ. 1000 ವಾಟ್-ಗಂಟೆ ಸೇರಿದರೆ ಒಂದು ಯೂನಿಟ್. ಉದಾಹರಣೆಗೆ:

* 9 ವಾಟಿನ 4 ಎಲ್‌ಇಡಿ ಬಲ್ಬು, 5 ಗಂಟೆ: 180
* 75 ವಾಟಿನ 2 ಪಂಖ, 5 ಗಂಟೆ: 750
* 100 ವಾಟಿನ 1 ಕಂಪ್ಯೂಟರ್, 2 ಗಂಟೆ: 200
* ಒಟ್ಟು: 1130 ವಾಟ್-ಗಂಟೆ

ನಮ್ಮ ರಾಜ್ಯದಲ್ಲಿ ಒಳ್ಳೆಯ ಬಿಸಿಲಿನ ದಿನ 100 ವಾಟ್ ಫಲಕ ಸುಮಾರು 400 ವಾಟ್-ಗಂಟೆ ಕೊಡುತ್ತದೆ. ಲೆಕ್ಕದ ಪ್ರಕಾರ 283 ವಾಟ್ ಫಲಕ ಸಾಕು. ಆದರೆ ಬ್ಯಾಟರಿಯಲ್ಲಿ ಆಗುವ ನಷ್ಟ, ಮೋಡದ ದಿನಗಳು ಇವನ್ನು ಸೇರಿಸಿ ಒಂದೂವರೆ ಪಟ್ಟು ಇಟ್ಟುಕೊಳ್ಳೋಣ. ಸುಮಾರು 425 ವಾಟ್ ಆಯಿತು.

ಈಗ ಪಂಖಗಳನ್ನು ಮಾತ್ರ ಬದಲಿಸಿ. ಹೊಸ ಬಗೆಯ ಪಂಖಗಳು ಸುಮಾರು 30 ವಾಟಿನಲ್ಲೇ ಅಷ್ಟು ಗಾಳಿ ಕೊಡುತ್ತವೆ. ಪಂಖದ ಲೆಕ್ಕ 750ರಿಂದ 300ಕ್ಕೆ ಇಳಿಯಿತು. ಒಟ್ಟು 680. ಬೇಕಾದ ಫಲಕ ಸುಮಾರು 255 ವಾಟ್. ಫಲಕವನ್ನು ಮುಟ್ಟದೆಯೇ 170 ವಾಟಿನಷ್ಟು ಉಳಿಸಿದೆವು! ಉಳಿಸಿದ ಒಂದು ಯೂನಿಟ್ ಉತ್ಪಾದಿಸಿದ ಒಂದು ಯೂನಿಟ್‌ಗೆ ಸಮ ಎನ್ನುವುದು ಇದಕ್ಕೇ.

ನಿಮ್ಮ ಕೋಣೆಯ ನಿಜವಾದ ಅಂಕೆಗಳನ್ನು ಹಾಕಿ ಪಟ್ಟಿ ತಯಾರಿಸಿ. ಮಾಳಿಗೆಯಲ್ಲಿ ಬೆಳಿಗ್ಗೆ 9ರಿಂದ ಸಂಜೆ 4ರವರೆಗೆ ಬೇವಿನ ಮರದ ಅಥವಾ ನೀರಿನ ಟ್ಯಾಂಕಿನ ನೆರಳು ಬೀಳದ ಜಾಗ ಎಷ್ಟಿದೆ ಎಂದು ಶಿಕ್ಷಕರೊಡನೆ ಅಳೆಯಿರಿ. 1000 ವಾಟ್ ಫಲಕಕ್ಕೆ ಸುಮಾರು 10 ಚದರ ಮೀಟರ್ ಜಾಗ ಬೇಕು. ಈ ಪಟ್ಟಿಯನ್ನು ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಓದಬಹುದು.

ನಮ್ಮ ರಾಜ್ಯದಲ್ಲಿ ಸೌರವಿದ್ಯುತ್

ತುಮಕೂರು ಜಿಲ್ಲೆಯ ಪಾವಗಡ ಪದೇ ಪದೇ ಬರಗಾಲ ಕಂಡ ತಾಲ್ಲೂಕು. ಅಲ್ಲಿನ ತಿರುಮಣಿ, ವಳ್ಳೂರು ಮೊದಲಾದ ಐದು ಗ್ರಾಮಗಳ ಸುಮಾರು 13,000 ಎಕರೆ ಜಮೀನಿನಲ್ಲಿ ಈಗ ಸೌರಫಲಕಗಳು ಸಾಲುಸಾಲಾಗಿ ನಿಂತಿವೆ. ಜಮೀನನ್ನು ರೈತರಿಂದ ಕೊಂಡುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. 'ಶಕ್ತಿಸ್ಥಳ' ಎಂಬ ಹೆಸರಿನ ಈ ಸೌರ ಉದ್ಯಾನದ ಉದ್ಘಾಟನೆ 2018ರ ಮಾರ್ಚ್‌ನಲ್ಲಿ ಆಯಿತು. 2019ರ ಕೊನೆಯ ಹೊತ್ತಿಗೆ ಅದರ ಸಾಮರ್ಥ್ಯ 2050 ಮೆಗಾವಾಟ್ ತಲುಪಿತು. ಒಂದು ಮೆಗಾವಾಟ್ ಎಂದರೆ ಹತ್ತು ಲಕ್ಷ ವಾಟ್.

ದೊಡ್ಡದಷ್ಟೇ ಅಲ್ಲ, ಸಣ್ಣದೂ ಬದುಕು ಬದಲಿಸಬಲ್ಲದು. ಹರೀಶ್ ಹಂದೆ ಅವರು 1995ರಲ್ಲಿ ಕಟ್ಟಿದ ಸೆಲ್ಕೋ ಸಂಸ್ಥೆ ಕರ್ನಾಟಕದ ಹಳ್ಳಿಗಳ ಮನೆಗಳಿಗೆ ಸೌರದೀಪ ಒದಗಿಸುತ್ತ ಬಂದಿದೆ. ಈ ಕೆಲಸಕ್ಕಾಗಿ 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಈ ಸಂಸ್ಥೆಯ ಒಂದು ಯೋಜನೆ ಶಾಲಾ ಮಕ್ಕಳಿಗಾಗಿಯೇ ರೂಪಿಸಿದ್ದು. ಅದರಲ್ಲಿ ಫಲಕ ಶಾಲೆಯ ಮಾಳಿಗೆಯ ಮೇಲೆ, ದೀಪ ಮಕ್ಕಳ ಮನೆಯಲ್ಲಿ. ಮಕ್ಕಳು ಊಟದ ಡಬ್ಬಿಯಂತೆ ಸಣ್ಣ ಬ್ಯಾಟರಿಯನ್ನು ಶಾಲೆಗೆ ತಂದು ಚಾರ್ಜ್ ಮಾಡಿಕೊಳ್ಳುತ್ತಾರೆ, ಸಂಜೆ ಒಯ್ದು ಅದರ ಬೆಳಕಿನಲ್ಲಿ ಓದುತ್ತಾರೆ. ಬೆಳಕು ಬೇಕೆಂದರೆ ಶಾಲೆಗೆ ಬರಲೇಬೇಕು!

ಪಾವಗಡದ ದೊಡ್ಡ ಉದ್ಯಾನವಾಗಲಿ, ಮನೆಯ ಸಣ್ಣ ದೀಪವಾಗಲಿ, ಫಲಕದ ನಿಯಮ ಒಂದೇ. ಬೆಳಕು ನೇರವಾಗಿ ಬೀಳಬೇಕು. ನೆರಳು ಇರಬಾರದು, ಧೂಳು ಕೂರಬಾರದು, ಬಿಸಿ ಏರದಂತೆ ಗಾಳಿಯಾಡಬೇಕು. ಊರಿನ ಸೌರ ಬೀದಿದೀಪ ಆರಿಹೋಗಿದ್ದರೆ "ಇದು ಇಷ್ಟೇ" ಎಂದು ಸುಮ್ಮನಾಗಬೇಡಿ. ಫಲಕದ ಮೇಲೆ ಧೂಳಿದೆಯೇ, ಮರದ ಕೊಂಬೆ ಬೆಳೆದು ನೆರಳು ಬಿದ್ದಿದೆಯೇ ಎಂದು ಕೆಳಗಿನಿಂದಲೇ ನೋಡಿ. ಎರಡೂ ಇಲ್ಲದಿದ್ದರೆ ಬ್ಯಾಟರಿಯ ಆಯಸ್ಸು ಮುಗಿದಿರಬಹುದು. ಕಂಡದ್ದನ್ನು ಬರೆದು ಗ್ರಾಮ ಪಂಚಾಯಿತಿಗೆ ತಿಳಿಸಿ. ಬಿಸಿಲು ನಮಗೆ ಧಾರಾಳವಾಗಿ ಸಿಕ್ಕಿದೆ. ಫಲಕವನ್ನು ನೋಡಿಕೊಳ್ಳುವ ಕೆಲಸ ನಮ್ಮದು.

ಯೋಚಿಸಿ, ಉತ್ತರಿಸಿ

1. ಸೌರ ಒಲೆಯನ್ನು ಡಿಸೆಂಬರ್‌ನಲ್ಲಿ ಬಳಸುವಾಗ ಅದರ ಮುಚ್ಚಳದ ಓರೆಯನ್ನು ಏಕೆ ಬದಲಿಸಬೇಕಾಗುತ್ತದೆ?
2. 36 ಕೋಶಗಳಿರುವ ಫಲಕ 30 ಡಿಗ್ರಿ ಬಿಸಿಯೇರಿದರೆ ವೋಲ್ಟೇಜ್ ಸುಮಾರು ಎಷ್ಟು ಇಳಿಯುತ್ತದೆ?
3. ಜೂನ್ 21ರಂದು ಗೊಬ್ಬೂರಿನಲ್ಲಿ ಕೋಲಿನ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಅದೇ ದಿನ ದೆಹಲಿಯಲ್ಲಿ ಯಾವ ಕಡೆಗೆ ಬೀಳುತ್ತದೆ? ಭೂಪಟದಲ್ಲಿ ಕರ್ಕಾಟಕ ಸಂಕ್ರಾಂತಿ ವೃತ್ತ ಎಲ್ಲಿದೆ ಎಂದು ನೋಡಿ ಹೇಳಿ.
4. ರಾತ್ರಿ ಫಲಕ ವಿದ್ಯುತ್ ಕೊಡುವುದಿಲ್ಲ. ಹಾಗಿದ್ದರೂ ಸೌರದೀಪ ರಾತ್ರಿ ಉರಿಯುವುದು ಹೇಗೆ?